ಎರವಲು ‘ನಾನು’

ನಮ್ಮ ಕೆಲಸಕ್ಕೆ ಒಂದು ನಿಯಮವಿದೆ:
‘ಅವಳು’ ಎನ್ನಬಾರದು, ‘ನಾನು’ ಎನ್ನಬೇಕು.
ಹೀಗಾಗಿ ಬೆಳಗಿನಿಂದ ನನಗೆ
ಎರಡು ಸಲ ಮಂಡಿನೋವು, ಒಂದು ಸಲ ಬಸಿರು,
ಮೂರು ಸಲ ಗಂಡ ಸತ್ತಿದ್ದಾನೆ.
ಗಂಟೆಗೆ ಇಪ್ಪತ್ತಾರು ಡಾಲರು.

ಲೋವೆಲ್ಲಿನ ಕಾಲುವೆ ಹೆಪ್ಪುಗಟ್ಟಿದೆ.
ಹಳೆಯ ಬಟ್ಟೆಗಿರಣಿಯ ಎರಡನೇ ಮಹಡಿಯಲ್ಲಿ ಈಗ ಕ್ಲಿನಿಕ್ಕು.
ಯೇಯ್ ಸರೂನ್ ಬಂದಿದ್ದಾಳೆ. ಯೇಯ್ ಅಂದರೆ ಅಜ್ಜಿ.
ಮೂರು ಸ್ವೆಟರು, ಅದರ ಮೇಲೆ ಮೊಮ್ಮಗನ ಫುಟ್‌ಬಾಲ್ ಜಾಕೆಟ್ಟು,
ಕಂಕುಳಲ್ಲಿ ನಿಂಬೆಹುಲ್ಲಿನ ಕಟ್ಟು,
ಅಡುಗೆಮನೆಯ ಬಕೆಟ್ಟಿನಲ್ಲಿ ಬೆಳೆದದ್ದು, ಡಾಕ್ಟರಿಗೆಂದು.

ಏನು ತೊಂದರೆ, ಎನ್ನುತ್ತಾರೆ ಡಾಕ್ಟರ್ ಹೆನೆಸಿ.
ನನ್ನ ಎದೆಯ ನೀರು ಬಿದ್ದುಹೋಗಿದೆ,
ಎನ್ನುತ್ತೇನೆ ನಾನು, ಅಂದರೆ ಅವಳು.
ಹಿಂದಿನ ಡಾಕ್ಟರು ಇದೇ ಮಾತಿಗೆ
ಇಸಿಜಿ ಬರೆದಿದ್ದರು, ಎಕ್ಸ್‌ರೇ ಬರೆದಿದ್ದರು.
ಎದೆಯಲ್ಲಿ ನೀರಿಲ್ಲ ಎಂದು ರಿಪೋರ್ಟು ಬಂತು.
ನಾನು ಹೇಳಿದ್ದೂ ಅದನ್ನೇ ಅಲ್ಲವೇ, ಎಂದಿದ್ದಳು ಅಜ್ಜಿ.

ಖಿನ್ನತೆಗೆ ನಮ್ಮ ಖ್ಮೇರಿನಲ್ಲಿ
ಪುಸ್ತಕದ ಮಾತೊಂದಿದೆ, ಇಸ್ತ್ರಿಯ ಮಡಿಕೆ ಬಿಚ್ಚದ ಮಾತು.
ಮನೆಯ ಮಾತು ಬೇರೆ:
ಯೋಚನೆ ಜಾಸ್ತಿಯಾಯಿತು, ಗಾಳಿ ಮೇಲಕ್ಕೇರಿತು.
ಬಟ್ಟಂಬಾಂಗಿನ ಗದ್ದೆಯಲ್ಲಿ ಹೊರಟದ್ದು
ಇಲ್ಲಿ, ಕತ್ತಿನ ನರದಲ್ಲಿ ಸಿಕ್ಕಿಕೊಂಡಿದೆ.

ಫಾರಮ್ಮಿನಲ್ಲಿ ಒಂಬತ್ತು ಪ್ರಶ್ನೆ.
ಕಳೆದ ಎರಡು ವಾರಗಳಲ್ಲಿ ಎಷ್ಟು ದಿನ…
ಎರಡೇ ವಾರವೇ?
ಹೊಳೆ ಅಳೆಯಲು ಬಂದವರು
ಇಷ್ಟು ಚಿಕ್ಕ ಚೊಂಬು ಯಾಕೆ ತಂದರು, ಕೇಳು.
ನಾನು ಕೇಳಲಿಲ್ಲ. ಸೊನ್ನೆ, ಎರಡು, ಮೂರು, ಮೂರು,
ಎಂದು ಒಪ್ಪಿಸುತ್ತಾ ಹೋದೆ.

ಡಾಕ್ಟರು ಕೂಡಿಸಿದರು: ಹತ್ತೊಂಬತ್ತು.

ನಾನದನ್ನು ದಾಟಿಸಿದ್ದೇ ತಡ
ಅಜ್ಜಿಯ ಬೆನ್ನು ನೆಟ್ಟಗಾಯಿತು.
ಹತ್ತೊಂಬತ್ತೂ? ಎಲ್ಲವೂ ಬಂದವೇ?

ನಮ್ಮಲ್ಲಿ ಒಬ್ಬೊಬ್ಬರಿಗೆ ಹತ್ತೊಂಬತ್ತು ಜೀವ.
ಹೆದರಿಸಿದರೆ ಒಂದೊಂದೇ ಬಿಟ್ಟುಹೋಗುತ್ತವೆ.
ಅಜ್ಜಿಯದೊಂದು ಕಾಡಿನ ದಾರಿಯಲ್ಲಿ,
ಒಂದು ಗಡಿಶಿಬಿರದ ನೀರಿನ ಸಾಲಿನಲ್ಲಿ, ಕೊಡ ಹಿಡಿದು, ಇನ್ನೂ.
ಒಂದು ತಮ್ಮನ ಜೊತೆಗೇ ಹೋಯಿತು.

ಅದಲ್ಲ ಅಜ್ಜಿ, ಇದು ಬರೀ ಅಂಕ, ಎನ್ನಬಹುದಿತ್ತು.
ಆದರೆ ನಿಯಮ ನಿಯಮವೇ.
ಡಾಕ್ಟರ ಕಡೆ ತಿರುಗಿ ಹೇಳಿದೆ:
ನನ್ನವೆಲ್ಲವೂ ಬಂದವೇ?

ಅವರು ಪೆನ್ನು ಕೆಳಗಿಟ್ಟರು.
ಯಾರು, ಎಂದರು.
ಫಾರಮ್ಮಿನಲ್ಲಿ ಇಲ್ಲದ ಪ್ರಶ್ನೆ.
ಮುಕ್ಕಾಲು ಗಂಟೆ ಹಿಡಿಯಿತು ಉತ್ತರ,
ಮುಂದಿನ ರೋಗಿ ಹೊರಗೆ ಕೆಮ್ಮಿ ಕೆಮ್ಮಿ ನೆನಪಿಸುತ್ತಿದ್ದ.

ಗುಳಿಗೆಯನ್ನೂ ಬರೆದರು, ರಾತ್ರಿಗೊಂದು.
ಅಜ್ಜಿ ಬೇಡವೆನ್ನಲಿಲ್ಲ.
ಗುಳಿಗೆ ನಿದ್ದೆ ತರಲಿ, ಮಣಿಕಟ್ಟಿನ ದಾರ ಜೀವ ತರಲಿ,
ಅವೆರಡಕ್ಕೂ ಜಗಳವೇನು?
ಭಾನುವಾರ ವಿಹಾರದಲ್ಲಿ ಜೀವ ಕರೆಯುತ್ತೇವೆ,
ಇವರೂ ಬರಲಿ. ಬರಿಗೈಯಲ್ಲಿ ಬೇಡ, ಬಾಳೆಹಣ್ಣು ತರಲಿ.

ಬೀದಿಯಲ್ಲಿ, ನನ್ನ ಕಾರಿನ ಹತ್ತಿರ ನಿಂತಳು.
ಹಗಲೆಲ್ಲ ನಾನು ನಾನು ಅನ್ನುತ್ತೀಯಲ್ಲ ಕುಂತಿಯಾ,
ನಿನ್ನ ಸರದಿ ಯಾವಾಗ?
ನನಗೆ ಎರಡೂ ಭಾಷೆ ಕೈಕೊಟ್ಟವು.
ನಾನು ಹುಟ್ಟಿದ್ದು ಇಲ್ಲೇ, ಈ ಕಾಲುವೆಯ ದಂಡೆಯಲ್ಲಿ.
ಆ ಗದ್ದೆ ನೋಡಿಲ್ಲ, ಆ ಕಾಡು ನೋಡಿಲ್ಲ.
ಗಾಳಿಯೊಂದು ಅಮ್ಮನ ಕಡೆಯಿಂದ ಬಂದದ್ದು.

ಒಳಗೆ ಕೂರಿಸಿ, ಕಾಲರು ಸರಿಸಿ,
ಪುಟ್ಟ ಡಬ್ಬಿಯ ಮುಲಾಮು ಸವರಿ,
ನನ್ನದೇ ಪರ್ಸಿನ ಕಾಲು ಡಾಲರಿನ ಬಿಲ್ಲೆಯಿಂದ
ಕತ್ತಿನಿಂದ ಹೆಗಲಿಗೆ ಗೀರಿದಳು, ಮತ್ತೆ ಗೀರಿದಳು.
ನೋಡು ಎಷ್ಟು ಕೆಂಪು, ಎಷ್ಟು ಗಾಳಿ, ಅಯ್ಯೋ ಮಗಳೇ.
ಅಮ್ಮಾ ಎಂದು ಚೀರಿದ್ದು
ನಾನು. ಯಾರ ಪರವಾಗಿಯೂ ಅಲ್ಲ.

ಮೀಟರಿಗೆಂದು ಇಟ್ಟಿದ್ದ ಬಿಲ್ಲೆ ಅದು.
ಹೊರಗೆ ಯಾರೋ ದಂಡದ ಚೀಟಿ ಸಿಕ್ಕಿಸಿ ಹೋದರು,
ಕರ್ಪೂರದ ಹಬೆಗಟ್ಟಿದ ಗಾಜಿನಾಚೆಯಿಂದ
ಒಳಗೆ ಎಷ್ಟು ಜನ ಎಂದು ಕಾಣದೆ.